ಒಂದು ಶಾಲಾ ವರ್ಷಕ್ಕೆ ಯಾವ ಬೇಸಾಯ? ಹಾಸನ, ಚಿಕ್ಕಮಗಳೂರಿನ ಪ್ರೌಢಶಾಲಾ ವಿದ್ಯಾರ್ಥಿಗಳಿಗೊಂದು ಹೋಲಿಕೆ

ಕೃಷಿಯ ಮೂಲಪಾಠಗಳನ್ನು ನೆಲದ ಮೇಲೆ ನಿಂತು ಕಲಿಯಬಯಸುವ ಮಕ್ಕಳಿಗೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಷ್ಟು ಅನುಕೂಲವಾದ ಸೀಮೆ ನಾಡಿನಲ್ಲಿ ಅಪರೂಪ. ಸಕಲೇಶಪುರದ ಪಡುವಣ ಅಂಚಿನಲ್ಲಿ ವರ್ಷಕ್ಕೆ 2,000 ಮಿಲಿಮೀಟರ್ ದಾಟಿ ಮಳೆ ಸುರಿದರೆ, ಅದೇ ಜಿಲ್ಲೆಯ ಅರಸೀಕೆರೆಯಲ್ಲೂ ಪಕ್ಕದ ಕಡೂರಿನಲ್ಲೂ ರೈತರು 600ರಿಂದ 700 ಮಿಲಿಮೀಟರಿನ ಆಸುಪಾಸಿನಲ್ಲೇ ವರ್ಷ ಸಾಗಿಸಬೇಕು. ಒಂದು ದಿನದಲ್ಲಿ ಹೋಗಿ ಬರಬಹುದಾದ ಈ ಅಂತರದೊಳಗೆ ಕಾಫಿ, ಮೆಣಸು, ಅಡಿಕೆ, ಭತ್ತ, ಆಲೂಗೆಡ್ಡೆ, ಮುಸುಕಿನ ಜೋಳ, ರಾಗಿ, ತೆಂಗು ಎಲ್ಲವೂ ಸಿಗುತ್ತವೆ. ಆದುದರಿಂದಲೇ ಪ್ರತಿವರ್ಷ ಶಾಲೆ ಶುರುವಾಗುವ ಹೊತ್ತಿಗೆ ಶಿಕ್ಷಕರೂ ಮಕ್ಕಳೂ ಕೇಳುವ ಪ್ರಶ್ನೆ ಒಂದೇ: ವರ್ಷವಿಡೀ ಅಧ್ಯಯನ ಮಾಡಲು ಇವುಗಳಲ್ಲಿ ಯಾವುದನ್ನು ಹಿಡಿಯಬೇಕು? ಊರಿಗೆ ಹೆಸರು ತಂದ ಬೆಳೆಯನ್ನು ಹಿಡಿಯುವುದೇ ವಾಡಿಕೆ. ಹೆಸರಾದ ಬೆಳೆಯೇ ಕಲಿಕೆಗೆ ತಕ್ಕ ಬೆಳೆಯೂ ಆಗಿರಬೇಕೆಂದಿಲ್ಲವಾದ್ದರಿಂದ ಈ ಹೋಲಿಕೆ.

ಆಯ್ಕೆಗೆ ಮುನ್ನ ನೋಡಬೇಕಾದದ್ದು

"ನಮ್ಮದು ಕಾಫಿ", "ನಮ್ಮದು ರಾಗಿ" ಎಂದು ಮಾತಿಗೆ ಹೇಳುತ್ತೇವಾದರೂ ಬೆಳೆಯ ಹೆಸರೊಂದರಿಂದ ಕೃಷಿ ಪದ್ಧತಿ ತಿಳಿಯುವುದಿಲ್ಲ. ಒಂದು ಹಿಡುವಳಿಯ ಒಳಕ್ಕೆ ಏನೇನು ಬರುತ್ತದೆ (ಮಳೆ, ಬೀಜ, ಗೊಬ್ಬರ, ಆಳು, ಸಾಲ), ಒಳಗೆ ಏನೇನು ನಡೆಯುತ್ತದೆ, ಹೊರಕ್ಕೆ ಏನೇನು ಹೋಗುತ್ತದೆ (ಕಾಳು, ಹಾಲು, ಹುಲ್ಲು, ಮಳೆಗೆ ಕೊಚ್ಚಿಹೋದ ಮಣ್ಣು ಕೂಡ), ಮತ್ತು ಹೊರಟದ್ದರಲ್ಲಿ ಎಷ್ಟು ಭಾಗ ತಿರುಗಿ ಅದೇ ನೆಲವನ್ನು ಸೇರುತ್ತದೆ ಎಂಬ ನಾಲ್ಕು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ಪದ್ಧತಿ ಕಣ್ಣಿಗೆ ಬೀಳುತ್ತದೆ. ಈ ನಾಲ್ಕನ್ನೂ ವಿದ್ಯಾರ್ಥಿಯೇ ಅಳೆದು, ತೂಗಿ, ಬರೆದಿಡಲು ಸಾಧ್ಯವೇ ಎಂಬುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಮಾನದಂಡ. ಮನೆಯವರು ಹೇಳಿದ ಅಂಕಿಗಳನ್ನು ನಕಲು ಮಾಡಿಕೊಂಡು ಬಂದ ವರದಿಯಿಂದ ವಿದ್ಯಾರ್ಥಿಗೆ ದಕ್ಕುವುದು ಬಹಳ ಕಡಿಮೆ.

ಎರಡನೆಯದು ಕಾಲ. ಶಾಲಾ ವರ್ಷ ಜೂನ್ ಹೊತ್ತಿಗೆ ಶುರುವಾಗಿ ಮಾರ್ಚ್ ವೇಳೆಗೆ ಪರೀಕ್ಷೆಯೊಂದಿಗೆ ಮುಗಿಯುತ್ತದೆ. ಬಿತ್ತನೆಯಿಂದ ಒಕ್ಕಣೆಯವರೆಗಿನ ಚಕ್ರ ಈ ಅವಧಿಯೊಳಗೆ ಸುತ್ತಿ ಬಾರದಿದ್ದರೆ ಮಕ್ಕಳು ಅರ್ಧ ಕಥೆಯನ್ನಷ್ಟೇ ನೋಡುತ್ತಾರೆ. ಮೂರನೆಯದು ಖರ್ಚು. ಶಾಲೆಯ ಹಿತ್ತಲಿನಲ್ಲಿ ಒಂದು ಗುಂಟೆ, ಅಂದರೆ 33 ಅಡಿಗೆ 33 ಅಡಿಯ ತುಂಡು ಸಿಕ್ಕರೂ ಅದಕ್ಕೆ ಬೀಜ ಯಾರು ಕೊಡಿಸಬೇಕು ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಉಳಿದಂತೆ ನೀರಿನ ಮೂಲ, ಬೆಲೆಯ ಏರಿಳಿತ, ತೋಟಕ್ಕೆ ಹೋಗಿಬರುವ ದಾರಿಯ ಸುರಕ್ಷತೆ ಇವುಗಳನ್ನು ಆಯಾ ಆಯ್ಕೆಯ ಜೊತೆಯಲ್ಲೇ ನೋಡೋಣ.

ರಾಗಿ, ಅಕ್ಕಡಿ ಸಾಲು ಮತ್ತು ಕೊಟ್ಟಿಗೆ

ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು, ಹಾಸನದ ಮೂಡಣ ಹೋಬಳಿಗಳ ಖುಷ್ಕಿ, ಎಂದರೆ ಮಳೆಯನ್ನೇ ನೆಚ್ಚಿದ ಜಮೀನಿನಲ್ಲಿ ಇಂದಿಗೂ ಕಾಣುವ ಈ ಪದ್ಧತಿಯನ್ನು ನಾನು ಮೊದಲಿಗೆ ಇಡುವುದಕ್ಕೆ ಕಾರಣ, ಕೃಷಿ ವಿಜ್ಞಾನದ ಆರಂಭಿಕ ಪರಿಕಲ್ಪನೆಗಳಲ್ಲಿ ಹೆಚ್ಚಿನವು ಇದೊಂದರಲ್ಲೇ ಒಟ್ಟಿಗೆ ಸಿಗುತ್ತವೆ ಎಂಬುದು. ಜುಲೈ ಸುಮಾರಿಗೆ ಕೂರಿಗೆಯಲ್ಲಿ ಬಿತ್ತಿದ ರಾಗಿ, ಜಿಪಿಯು 28ರಂತಹ ತಳಿಯಾದರೆ, 110ರಿಂದ 115 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಕಣದ ಕೆಲಸವೂ ಸಂಕ್ರಾಂತಿಯ ಹೊತ್ತಿಗೆ ಮುಗಿಯುವುದರಿಂದ ವರದಿ ಬರೆಯಲು ಮಕ್ಕಳಿಗೆ ಸಾಕಷ್ಟು ಬಿಡುವು ಉಳಿಯುತ್ತದೆ. ಎಕರೆಗೆ ಬೇಕಾಗುವ ಬೀಜ ನಾಲ್ಕೈದು ಕಿಲೋ ಮಾತ್ರ, ಅಂದರೆ ಒಂದು ಗುಂಟೆಗೆ 100ರಿಂದ 125 ಗ್ರಾಂ. ಯಾವ ಶಾಲೆಗೂ ಇದು ಹೊರೆಯಾಗದು.

ರಾಗಿಯ ನಡುವೆ ಅಕ್ಕಡಿಯಾಗಿ, ಎಂದರೆ ಮಿಶ್ರಬೆಳೆಯ ಸಾಲುಗಳಾಗಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಗಳನ್ನು ಹಾಕುವ ಕ್ರಮವನ್ನು ಹಿರಿಯರು ಹಸಿವಿನ ವಿಮೆಯಾಗಿ ರೂಢಿಸಿಕೊಂಡು ಬಂದಿದ್ದಾರೆ: ಮಳೆ ಬೇಗ ನಿಂತು ರಾಗಿ ಸೊರಗಿದರೂ ಆಳಕ್ಕೆ ಬೇರು ಬಿಟ್ಟ ತೊಗರಿಯೋ, ಇಬ್ಬನಿಯಲ್ಲೇ ಹೂ ಕಟ್ಟುವ ಅವರೆಯೋ ಕೈಗೆ ಬರುತ್ತದೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಅಥವಾ ಎಂಟು ಸಾಲಿಗೆ ಒಂದು ಸಾಲು ಅವರೆ ಎಂಬ ಅನುಪಾತವನ್ನು ಕೃಷಿ ವಿಜ್ಞಾನಿಗಳೂ ಶಿಫಾರಸು ಮಾಡುತ್ತಾರೆ. ಹೂ ಬಿಡುವ ಹಂತದಲ್ಲಿ ಒಂದು ಅವರೆ ಗಿಡವನ್ನು ಬೇರು ಹರಿಯದಂತೆ ಅಗೆದು ತೆಗೆದು, ಬೇರಿನ ಮೇಲಿನ ಗಂಟುಗಳನ್ನು ಬ್ಲೇಡಿನಿಂದ ಸೀಳಿ ನೋಡಿದರೆ ಒಳಗೆ ನಸುಗೆಂಪು ಬಣ್ಣ ಕಾಣುತ್ತದೆ. ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವಂತೆ ಮಾಡುತ್ತಿವೆ ಎಂಬುದಕ್ಕೆ ಆ ಬಣ್ಣವೇ ಗುರುತು. ಪಠ್ಯದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಸಾರಜನಕ ಸ್ಥಿರೀಕರಣವನ್ನು ಹೀಗೆ ಅಂಗೈ ಮೇಲೆ ಇಟ್ಟುಕೊಂಡು ನೋಡಿದ ಮಗು ಅದನ್ನು ಮರೆಯುವುದಿಲ್ಲ.

ಇನ್ನು ಕೊಟ್ಟಿಗೆಯ ಲೆಕ್ಕ. ಬೆಳೆದ ಹಸುವೊಂದು ದಿನಕ್ಕೆ ಸುಮಾರು 10ರಿಂದ 15 ಕಿಲೋ ಸಗಣಿ ಹಾಕುತ್ತದೆ. ಹತ್ತೇ ಕಿಲೋ ಎಂದು ಹಿಡಿದರೂ ವರ್ಷಕ್ಕೆ ಮೂರೂವರೆ ಟನ್ ದಾಟುತ್ತದೆ. ಖುಷ್ಕಿ ರಾಗಿಗೆ ಶಿಫಾರಸಾದ ಕೊಟ್ಟಿಗೆ ಗೊಬ್ಬರ ಹೆಕ್ಟೇರಿಗೆ 7.5 ಟನ್, ಎಂದರೆ ಎಕರೆಗೆ ಮೂರು ಟನ್. ಮೇಲ್ನೋಟಕ್ಕೆ ಒಂದು ಹಸು ಒಂದು ಎಕರೆಗೆ ಸಾಕೆನಿಸುತ್ತದೆ. ಆದರೆ ತಿಪ್ಪೆಯಲ್ಲಿ ಕಳಿಯುವಾಗ ತೂಕ ಅರ್ಧಕ್ಕೂ ಕೆಳಗಿಳಿಯುವುದರಿಂದ, ಕಸಕಡ್ಡಿ, ಉಳಿದ ಮೇವು, ಗಂಜಲ ಇವೆಲ್ಲ ಸೇರದೆ ಲೆಕ್ಕ ಸರಿಹೋಗುವುದಿಲ್ಲ. ರಾಗಿಹುಲ್ಲು ಮೆದೆಯಿಂದ ಹಸುವಿಗೆ, ಸಗಣಿ ತಿಪ್ಪೆಯಿಂದ ಹೊಲಕ್ಕೆ, ಹಾಲು ಡೇರಿಗೆ ಎಂಬ ಈ ಸುತ್ತನ್ನು ವಿದ್ಯಾರ್ಥಿ ಒಂದು ತಕ್ಕಡಿ ಮತ್ತು ಒಂದು ನೋಟುಪುಸ್ತಕದಿಂದಲೇ ಅಳೆಯಬಹುದು. ಹಾಲಿನ ದರ ಕೊಬ್ಬಿನಂಶವನ್ನೂ ಕೊಬ್ಬೇತರ ಘನಾಂಶವನ್ನೂ ಅವಲಂಬಿಸಿರುವುದರಿಂದ, ಡೇರಿಯ ಚೀಟಿಗಳನ್ನು ಒಂದು ತಿಂಗಳು ಜೋಡಿಸಿಟ್ಟರೆ ಮೇವು ಬದಲಾದಾಗ ಹಾಲಿನ ಗುಣಮಟ್ಟ ಹೇಗೆ ಬದಲಾಗುತ್ತದೆ ಎಂಬುದೂ ತಿಳಿದೀತು.

ಇದರ ಮಿತಿಯನ್ನೂ ಹೇಳಬೇಕು. ಕೈಗೆ ಬರುವ ಹಣ ಕಡಿಮೆ. 2024–25ರಲ್ಲಿ ಕೇಂದ್ರ ಸರ್ಕಾರ ರಾಗಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ. ಮನೆಯವರ ದುಡಿಮೆಗೂ ಮುಯ್ಯಾಳಿನ (ಕೂಲಿಯಿಲ್ಲದೆ ಒಬ್ಬರಿಗೊಬ್ಬರು ದುಡಿದುಕೊಡುವ) ದಿನಗಳಿಗೂ ಕೂಲಿ ಕಟ್ಟಿದರೆ ಉಳಿಯುವುದು ಎಷ್ಟು ಎಂದು ಮಕ್ಕಳೇ ಲೆಕ್ಕ ಹಾಕಲಿ. ಆ ಲೆಕ್ಕವೂ ಪಾಠದ ಒಂದು ಭಾಗವೇ ಸರಿ. ಮಲೆನಾಡಿನ ಜಡಿಮಳೆಯ ಊರುಗಳಲ್ಲಿರುವ ಶಾಲೆಗಳಿಗೆ ಈ ಆಯ್ಕೆ ಹೊಂದುವುದಿಲ್ಲ.

ಆಲೂಗೆಡ್ಡೆ: ಅಪಾಯವನ್ನು ಕಲಿಸುವ ಬೆಳೆ

ಹಾಸನ ಜಿಲ್ಲೆ ಕರ್ನಾಟಕದ ಆಲೂಗೆಡ್ಡೆಯ ತವರು. ಮೇ ಕೊನೆ ಅಥವಾ ಜೂನ್ ಮೊದಲಲ್ಲಿ, ಎಂದರೆ ಕೃತ್ತಿಕೆ, ರೋಹಿಣಿ ಮಳೆಗಳ ಹದದಲ್ಲಿ ನೆಟ್ಟ ಗೆಡ್ಡೆ 90ರಿಂದ 100 ದಿನಗಳಲ್ಲಿ ಕೀಳಲು ಬರುತ್ತದೆ. ದಸರಾ ರಜೆಗೆ ಮುಂಚೆಯೇ ಮುಗಿದುಹೋಗುವ ಈ ವೇಗ ಆಕರ್ಷಕವಾದರೂ, ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ಗೆಡ್ಡೆ ಆಗಲೇ ನೆಲದೊಳಗೆ ಇರುತ್ತದೆ. ಬೀಜ ಕೊಳ್ಳುವುದು, ಸಾಲ ಮಾಡುವುದು ಮುಂತಾದ ಮುಖ್ಯ ತೀರ್ಮಾನಗಳೆಲ್ಲ ಬೇಸಿಗೆ ರಜೆಯಲ್ಲೇ ನಡೆದಿರುತ್ತವೆ. ಆದ್ದರಿಂದ ಈ ವಿಷಯವನ್ನು ಆರಿಸಿಕೊಳ್ಳುವವರು ಏಪ್ರಿಲ್‌ನಲ್ಲೇ ಸಿದ್ಧರಾಗಬೇಕು.

ಖರ್ಚಿನಲ್ಲಿ ಇದು ರಾಗಿಗೆ ತೀರ ವಿರುದ್ಧ. ಎಕರೆಗೆ ಆರರಿಂದ ಎಂಟು ಕ್ವಿಂಟಲ್ ಬಿತ್ತನೆ ಗೆಡ್ಡೆ ಬೇಕು, ಗುಂಟೆಯೊಂದಕ್ಕೆ 15ರಿಂದ 20 ಕಿಲೋ. ಅದರಲ್ಲೂ ಆ ಗೆಡ್ಡೆ ಬಹುಮಟ್ಟಿಗೆ ಪಂಜಾಬಿನ ಜಲಂಧರ್ ಕಡೆಯಿಂದ ಹಾಸನದ ಮಾರುಕಟ್ಟೆಗೆ ಬರುವಂಥದು. ಬೀಜಕ್ಕಾಗಿ ಹೊರಗಿನವರನ್ನು ಅವಲಂಬಿಸಿದ ಬೇಸಾಯ ಹೇಗಿರುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಈ ಸೀಮೆಯಲ್ಲಿಲ್ಲ.

ಇದರ ನಿಜವಾದ ಪಾಠ ಇರುವುದು ಅಂಗಮಾರಿ ರೋಗದಲ್ಲಿ. ಮೋಡ ಕವಿದು, ಜಿಟಿಜಿಟಿ ಮಳೆ ಹಿಡಿದು, ತಂಪು ನಿಂತರೆ ಫೈಟಾಫ್ತೊರಾ ಇನ್‌ಫೆಸ್ಟಾನ್ಸ್ ಎಂಬ ಸೂಕ್ಷ್ಮಜೀವಿ ಕೆಲವೇ ದಿನಗಳಲ್ಲಿ ಹೊಲವನ್ನು ಸುಟ್ಟಂತೆ ಮಾಡಿಬಿಡುತ್ತದೆ. 1845ರಲ್ಲಿ ಐರ್ಲೆಂಡಿನ ಮಹಾಕ್ಷಾಮವನ್ನು ತಂದದ್ದೂ ಇದೇ ಜೀವಿ. ಅಲ್ಲಿ ಬಡವರು ಬಹುಮಟ್ಟಿಗೆ ಒಂದೇ ತಳಿಯನ್ನು ನೆಚ್ಚಿದ್ದರು. ಇಲ್ಲಿಯೂ ಬಹುಕಾಲದಿಂದ ಹೊಲಗಳನ್ನು ತುಂಬಿರುವುದು ಕುಫ್ರಿ ಜ್ಯೋತಿ ಎಂಬ ಒಂದೇ ತಳಿ. ಏಕಬೆಳೆಯಲ್ಲಿ, ಅದರಲ್ಲೂ ಏಕತಳಿಯಲ್ಲಿ ರೋಗ ಏಕೆ ಅಷ್ಟು ವೇಗವಾಗಿ ಹರಡುತ್ತದೆ ಎಂಬುದಕ್ಕೆ ಎರಡು ದೇಶಗಳ ಈ ಹೋಲಿಕೆಯೇ ಉತ್ತರ. ಬೆಳೆ ಪರಿವರ್ತನೆಯ ಪಾಠವೂ ಇಲ್ಲೇ ಬರುತ್ತದೆ: ಟೊಮೆಟೊ, ಬದನೆ, ಮೆಣಸಿನಕಾಯಿ ಆಲೂಗೆಡ್ಡೆಯ ಕುಟುಂಬಕ್ಕೇ ಸೇರಿದವಾದ್ದರಿಂದ ಅದರ ಹಿಂದೆಯೇ ಅವನ್ನು ಹಾಕಿದರೆ ರೋಗಕ್ಕೆ ಮತ್ತೆ ಆಶ್ರಯ ಕೊಟ್ಟಂತೆ, ಹಿಂಗಾರಿಗೆ ರಾಗಿಯೋ ಅಲಸಂದೆಯೋ ಹುರುಳಿಯೋ ಬಂದರೆ ಸರಪಳಿ ಕಡಿಯುತ್ತದೆ. ಹಲವು ರೈತರು ಈಗ ಮುಸುಕಿನ ಜೋಳಕ್ಕೆ ಹೊರಳಿದ್ದಾರೆ. ಅಲ್ಲಿಯೂ ಅಪಾಯ ತಪ್ಪಿಲ್ಲ. ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ನೆರೆಯ ಶಿವಮೊಗ್ಗದ ಮುಸುಕಿನ ಜೋಳದ ಹೊಲದಲ್ಲಿ.

ಆಲೂಗೆಡ್ಡೆಗೆ ಬೆಂಬಲ ಬೆಲೆಯಿಲ್ಲ. ಎಪಿಎಂಸಿಯಲ್ಲಿ (ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ) ವಾರವಾರವೂ ಬದಲಾಗುವ ದರವನ್ನು ಬರೆದಿಟ್ಟು ರೇಖಾನಕ್ಷೆ ಮಾಡಬಲ್ಲ, ಗಣಿತದಲ್ಲಿ ಆಸಕ್ತಿಯಿರುವ ವಿದ್ಯಾರ್ಥಿಗೆ ಇದು ತಕ್ಕ ವಿಷಯ. ಒಂದು ಎಚ್ಚರಿಕೆ ಮಾತ್ರ ಅತ್ಯಗತ್ಯ: ಔಷಧಿ ಸಿಂಪಡಿಸುವ ದಿನವೂ ಅದರ ನಂತರದ ದಿನಗಳಲ್ಲೂ ಮಕ್ಕಳನ್ನು ಆ ಹೊಲಕ್ಕೆ ಬಿಡಬಾರದು.

ಕಾಫಿ ಮತ್ತು ಮೆಣಸು

ಚಿಕ್ಕಮಗಳೂರಿನ ಮಕ್ಕಳು ಕಾಫಿಯನ್ನು ಬಿಟ್ಟು ಬೇರೆ ಆರಿಸಿಕೊಳ್ಳುವುದು ಕಷ್ಟ. ಬಾಬಾ ಬುಡನ್ ಅವರು 17ನೆಯ ಶತಮಾನದಲ್ಲಿ ಏಳು ಬೀಜಗಳನ್ನು ಯೆಮನ್‌ನಿಂದ ತಂದು ಈ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವೂ, ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಸಂಶೋಧನಾ ಕೇಂದ್ರವೂ ಇದೇ ಜಿಲ್ಲೆಯವು. ಪರಿಸರ ವಿಜ್ಞಾನದ ದೃಷ್ಟಿಯಿಂದಲೂ ಇದು ಶ್ರೀಮಂತವಾದ ಪದ್ಧತಿ. ಮೇಲೆ ನೆರಳಿನ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಡುವೆ ಕಾಫಿ ಗಿಡ, ಕೆಳಗೆ ಕೊಳೆಯುವ ತರಗೆಲೆ, ಹೀಗೆ ಒಂದೇ ತುಂಡು ನೆಲದ ಮೇಲೆ ಬೆಳಕು ಹಂತಹಂತವಾಗಿ ಬಳಕೆಯಾಗುತ್ತದೆ. ಮರಗಸಿಗೆ, ಎಂದರೆ ನೆರಳಿನ ಮರಗಳ ಕೊಂಬೆ ಸವರುವುದಕ್ಕೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ನೆಲಕ್ಕೆ ಬೀಳುವ ಬಿಸಿಲಿನ ತೇಪೆಗಳನ್ನು ಗೆರೆ ಹಾಕಿದ ಹಾಳೆಯ ಮೇಲೆ ಗುರುತಿಸಿದರೆ ನೆರಳಿನ ನಿರ್ವಹಣೆ ಎಂದರೇನೆಂದು ಅರ್ಥವಾಗುತ್ತದೆ.

ತೊಂದರೆಯಿರುವುದು ಕಾಲದಲ್ಲಿ. ನೆಟ್ಟ ಗಿಡ ಫಸಲು ಕೊಡಲು ಮೂರು-ನಾಲ್ಕು ವರ್ಷ ಬೇಕು. ಫಲ ಕೊಡುವ ಗಿಡವನ್ನೇ ನೋಡುತ್ತೇವೆಂದರೂ ಇಲ್ಲಿನ ಎರಡು ಬಗೆಯ ಕಾಫಿಗಳಲ್ಲಿ ಒಂದಾದ ಅರೇಬಿಕಾ ಹೂ ಬಿಡುವುದು ಮಾರ್ಚ್–ಏಪ್ರಿಲ್‌ನಲ್ಲಿ, ಹೂಮಳೆ ಬಿದ್ದ ಎಂಟು-ಹತ್ತು ದಿನಗಳಿಗೆ. ಆ ಹೂವು ಹಣ್ಣಾಗಿ ಕುಯ್ಲಿಗೆ ಬರುವುದು ಎಂಟು-ಒಂಬತ್ತು ತಿಂಗಳ ಬಳಿಕ. ಇನ್ನೊಂದು ಬಗೆಯಾದ ರೊಬಸ್ಟಾಗೆ ಇನ್ನೂ ಹೆಚ್ಚು, ಹತ್ತು-ಹನ್ನೊಂದು ತಿಂಗಳು. ಪರೀಕ್ಷೆಯ ಹೊತ್ತಿನಲ್ಲಿ ಹೂವು, ಮುಂದಿನ ತರಗತಿಯಲ್ಲಿ ಹಣ್ಣು. ಹೀಗಾಗಿ ಹತ್ತನೆಯ ತರಗತಿಯವರು ಇಡೀ ಕಾಫಿ ತೋಟವನ್ನು ವಿಷಯವಾಗಿ ಹಿಡಿಯಬಾರದು. ಎಂಟನೆಯ ತರಗತಿಯ ಕೊನೆಯಲ್ಲಿ ಹೂವಿನಿಂದ ಆರಂಭಿಸಿ ಒಂಬತ್ತರ ಜನವರಿಯಲ್ಲಿ ಕಣದವರೆಗೆ ಸಾಗುವವರಿಗೆ ಮಾತ್ರ ಅದು ಸರಿಹೊಂದುತ್ತದೆ. ಉಳಿದವರು ಒಂದು ಸಣ್ಣ ಭಾಗವನ್ನು ಆರಿಸಿಕೊಳ್ಳಲಿ. ಉದಾಹರಣೆಗೆ, ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲುದು, ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕು. ಗಾಳಿ, ಜೇನುಗಳ ಪಾತ್ರವನ್ನು ಕುರಿತು ಈ ವ್ಯತ್ಯಾಸದ ಸುತ್ತಲೇ ಒಂದು ಉತ್ತಮ ಅಧ್ಯಯನ ಮಾಡಬಹುದು.

ಹಣದ ಲೆಕ್ಕ ಇಲ್ಲಿ ಮಕ್ಕಳ ಕೈಗೆ ಎಟುಕುವುದು ಕಷ್ಟ. ಅರೇಬಿಕಾದ ದರ ನ್ಯೂಯಾರ್ಕ್ ಪೇಟೆಯನ್ನೂ ರೊಬಸ್ಟಾದ ದರ ಲಂಡನ್ ಪೇಟೆಯನ್ನೂ ಹಿಂಬಾಲಿಸುತ್ತದೆ. ಆರಡಿ ಅಂತರದಲ್ಲಿ ಎಕರೆಗೆ 1,210 ಗಿಡಗಳಿರುವ ತೋಟದ ಗೊಬ್ಬರ, ಕೂಲಿ, ಔಷಧಿಗಳ ಪೂರ್ಣ ಲೆಕ್ಕ ಮನೆಯ ಹಿರಿಯರ ಬಳಿಯಷ್ಟೇ ಇರುತ್ತದೆ. ಸಕಲೇಶಪುರ, ಆಲೂರು, ಮೂಡಿಗೆರೆ ಭಾಗಗಳಲ್ಲಿ ಆನೆಗಳ ಓಡಾಟ ಇರುವುದರಿಂದ ಬೆಳಗಿನ ಜಾವ ಮತ್ತು ಸಂಜೆಯ ವೇಳೆ ಮಕ್ಕಳನ್ನು ತೋಟಕ್ಕೆ ಕಳುಹಿಸುವುದು ಯಾವ ಕಾರಣಕ್ಕೂ ಬೇಡ.

ತೆಂಗು, ಅಡಿಕೆ, ಭತ್ತ

ತೆಂಗು ದೀರ್ಘಕಾಲದ ಬೆಳೆಯಾದರೂ ಕಲಿಕೆಗೆ ಅದರಲ್ಲಿ ಒಂದು ವಿಶೇಷ ಅನುಕೂಲವಿದೆ. ಚೆನ್ನಾಗಿ ಫಲ ಬಿಡುವ ಮರ ಹೆಚ್ಚುಕಡಿಮೆ ತಿಂಗಳಿಗೊಂದು ಹೊಂಬಾಳೆ ಹೊರಡಿಸುವುದರಿಂದ, ಹೂವಿನಿಂದ ಬಲಿತ ಕಾಯಿಯವರೆಗಿನ ಹಂತಗಳೆಲ್ಲ ಒಂದೇ ಮರದಲ್ಲಿ, ಒಂದೇ ದಿನ ಕಾಣಸಿಗುತ್ತವೆ. ಅರಸೀಕೆರೆ ಭಾಗದಲ್ಲಿ ಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿ ಉಂಡೆ ಕೊಬ್ಬರಿ ಮಾಡುತ್ತಾರೆ. ಕೂಡಲೇ ಎಳನೀರಿಗೆ ಮಾರುವುದೋ, ಕಾದು ಕೊಬ್ಬರಿ ಮಾಡುವುದೋ ಎಂಬ ರೈತರ ಜಿಜ್ಞಾಸೆ ಮೌಲ್ಯವರ್ಧನೆ ಎಂಬ ಪರಿಕಲ್ಪನೆಗೆ ನೇರ ಪ್ರವೇಶ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ ಇತ್ತು. ಆ ವರ್ಷದ ಎಳನೀರಿನ ದರವನ್ನು ಊರಿನಲ್ಲೇ ವಿಚಾರಿಸಿ ಪಕ್ಕದಲ್ಲಿಟ್ಟು ನೋಡಬಹುದು.

ಅಡಿಕೆಯನ್ನು ಆರಿಸಿಕೊಳ್ಳುವ ಕೊಪ್ಪ, ಶೃಂಗೇರಿ, ತರೀಕೆರೆ ಕಡೆಯ ಮಕ್ಕಳಿಗೆ ನನ್ನ ಸಲಹೆ, ಬೆಳೆಯನ್ನು ಬಿಟ್ಟು ರೋಗವನ್ನು ಹಿಡಿಯಿರಿ ಎಂಬುದು. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಮಿಶ್ರಣ. ಆಮ್ಲ, ಕ್ಷಾರಗಳ ಪಾಠಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆ ರೋಗವನ್ನು ಅಧ್ಯಯನ ಮಾಡಿ ಈ ಸಿಂಪಡಣೆಯನ್ನು ಇಲ್ಲಿನ ತೋಟಗಳಿಗೆ ಒಗ್ಗಿಸಿದರು. ಈಚಿನ ವರ್ಷಗಳ ಎಲೆಚುಕ್ಕಿ ರೋಗವನ್ನು ಇದರೊಂದಿಗೆ ಹೋಲಿಸಿ ನೋಡಬಹುದು.

ಗೊರೂರಿನ ಹೇಮಾವತಿ ಅಣೆಕಟ್ಟಿನ ನಾಲೆಗಳ ಕೆಳಗಿರುವ ಶಾಲೆಗಳಿಗೆ ಭತ್ತವೂ ಕಾಲದ ದೃಷ್ಟಿಯಿಂದ ಹೊಂದುತ್ತದೆ. ಅಲ್ಲಿ ಗಮನಿಸಬೇಕಾದದ್ದು ನಾಲೆಯ ಸರದಿ, ಅಂದರೆ ನೀರು ಯಾರಿಗೆ ಯಾವಾಗ ಬರುತ್ತದೆ, ಕಡೆಯ ಗದ್ದೆಗೆ ಎಷ್ಟು ತಡವಾಗಿ ತಲುಪುತ್ತದೆ ಎಂಬ ಸಂಗತಿ.

ಬೆಳೆ, ದನ, ಮರಗಳನ್ನು ಒಟ್ಟಿಗೆ ನಡೆಸುವ ಸಮಗ್ರ ಕೃಷಿಯ ಮಾದರಿ ತಾಕುಗಳನ್ನು ಹಲವರು ಕೇಳುತ್ತಾರೆ. ಹಾಸನದ ಬಳಿಯ ಕಂದಲಿ ಮತ್ತು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಗಳಿಗೆ ಒಂದು ದಿನ ಹೋಗಿ ಬರುವುದು ಖಂಡಿತ ಉಪಯುಕ್ತ. ವರ್ಷದ ಅಧ್ಯಯನಕ್ಕೆ ಮಾತ್ರ, ತಪ್ಪಿದರೆ ಮನೆಯ ಊಟಕ್ಕೇ ಕೊರತೆ ಬೀಳುವಂತಹ ನಿಜವಾದ ರೈತ ಕುಟುಂಬದ ಹಿಡುವಳಿಯೇ ಮೇಲು.

ಯಾರಿಗೆ ಯಾವುದು

ಶಾಲೆಯಲ್ಲಿ ತುಸು ನೆಲವಿದ್ದು ಹಣವಿಲ್ಲದಿದ್ದರೆ, ಬಯಲುಸೀಮೆಯಲ್ಲಾದರೆ ರಾಗಿ–ಅವರೆಗೆ ಎರಡನೆಯ ಮಾತಿಲ್ಲ. ಒಂದು ಗುಂಟೆಯನ್ನು ಎರಡು ಭಾಗ ಮಾಡಿ ಒಂದರಲ್ಲಿ ಬರಿ ರಾಗಿ, ಇನ್ನೊಂದರಲ್ಲಿ ಅಕ್ಕಡಿ ಹಾಕಿ ಇಳುವರಿ ತೂಗಿದರೆ ಪ್ರಯೋಗ ಪೂರ್ಣವಾಗುತ್ತದೆ. ನೆಲವೇ ಇಲ್ಲದ ಪಟ್ಟಣದ ವಿದ್ಯಾರ್ಥಿಗೆ ಆಲೂಗೆಡ್ಡೆ ಮಾರುಕಟ್ಟೆ ಅಥವಾ ಹತ್ತಿರದ ಊರಿನ ಡೇರಿ ಹೆಚ್ಚು ಕೊಡುತ್ತದೆ. ಮನೆಯಲ್ಲಿ ಕಾಫಿ ತೋಟವಿರುವ ಎಂಟು, ಒಂಬತ್ತನೆಯ ತರಗತಿಯವರು ನೆರಳನ್ನೋ ಪರಾಗಸ್ಪರ್ಶವನ್ನೋ ಹಿಡಿಯಲಿ, ಹತ್ತನೆಯ ತರಗತಿಯವರು ಅಕ್ಟೋಬರ್ ಒಳಗೆ ಮುಗಿಯುವ ವಿಷಯವನ್ನು ನೋಡಿಕೊಳ್ಳಲಿ. ಕೂಲಿ ಮಾಡುವ ಕುಟುಂಬದ ಮಕ್ಕಳು ತಮ್ಮಲ್ಲಿ ಭೂಮಿಯಿಲ್ಲವೆಂದು ಹಿಂಜರಿಯಬೇಕಾಗಿಲ್ಲ: ಯಾವ ತಿಂಗಳು ಯಾವ ಬೆಳೆಯಲ್ಲಿ ಎಷ್ಟು ದಿನದ ಕೆಲಸ ಸಿಗುತ್ತದೆ ಎಂಬ ದಾಖಲೆಯನ್ನು ಅವರಷ್ಟು ನಿಖರವಾಗಿ ಬೇರೆ ಯಾರೂ ಮಾಡಲಾರರು, ಮತ್ತು ಪ್ರತಿಯೊಂದು ಕೃಷಿ ಪದ್ಧತಿಯ ಒಳಹರಿವಿನಲ್ಲಿ ಆ ದುಡಿಮೆ ಸೇರಿಯೇ ಇದೆ.

ಯಾವುದನ್ನೇ ಆರಿಸಿದರೂ ಎರಡು ಕೆಲಸಗಳನ್ನು ಮೇ ತಿಂಗಳಲ್ಲೇ ಮಾಡಿಟ್ಟುಕೊಳ್ಳಬೇಕು. ಮೊದಲನೆಯದು ಮಣ್ಣಿನ ಮಾದರಿ: ಹೊಲದ ಹಲವೆಡೆ ಆರಂಗುಲ ಆಳಕ್ಕೆ ಇಂಗ್ಲಿಷಿನ ವಿ ಅಕ್ಷರದ ಆಕಾರದ ಗುಂಡಿ ತೋಡಿ, ಬದಿಯ ಮಣ್ಣನ್ನು ಕೆರೆದು ಬೆರೆಸಿ, ಅರ್ಧ ಕಿಲೋದಷ್ಟನ್ನು ನೆರಳಿನಲ್ಲಿ ಒಣಗಿಸಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಡುವುದು, ಗೊಬ್ಬರ ಹಾಕಿದ ಮೇಲೆ ತೆಗೆದ ಮಾದರಿ ಪ್ರಯೋಜನಕ್ಕೆ ಬಾರದು. ಎರಡನೆಯದು ಮಳೆಯ ದಾಖಲೆ. ಒಂದು ಮಿಲಿಮೀಟರ್ ಮಳೆ ಎಂದರೆ ಎಕರೆಗೆ 4,047 ಲೀಟರ್ ನೀರು; 700 ಮಿಲಿಮೀಟರ್ ಬಿದ್ದ ಊರಿನ ಒಂದು ಎಕರೆಯ ಮೇಲೆ 28 ಲಕ್ಷ ಲೀಟರಿಗೂ ಹೆಚ್ಚು. ನೇರ ಗೋಡೆಯ ಡಬ್ಬಿಯೊಂದನ್ನು ಬಯಲಿನಲ್ಲಿಟ್ಟು ದಿನವೂ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆಯಿರಿ, ತಿಂಗಳಿಗೊಮ್ಮೆ ಗ್ರಾಮ ಪಂಚಾಯಿತಿಯಲ್ಲಿರುವ ಮಳೆಮಾಪಕದ ಅಂಕಿಯೊಂದಿಗೆ ತಾಳೆ ನೋಡಿ.